ಲೋಟದ ಕಾಫಿ ಯಾವ ಊರಿನದು?

ಕಾಫಿ ಎಂದರೆ ಕಹಿ ಎಂದೇ ಹಲವರ ಭಾವನೆ. ಆದರೆ ಇಥಿಯೋಪಿಯಾದ ಯಿರ್ಗಾಚೆಫೆ ಸೀಮೆಯ ಕಾಫಿಯಲ್ಲಿ ಹೂವಿನ ಕಂಪು, ನಿಂಬೆಯ ಹುಳಿ ಇರುತ್ತದೆ. ಕಾರಣ, ತೋಟದ ಎತ್ತರ. ಸಾವಿರ ಮೀಟರಿಗೂ ಮೇಲಿನ ತಂಪಿನಲ್ಲಿ ಅರೇಬಿಕಾ ಹಣ್ಣು ನಿಧಾನವಾಗಿ ಮಾಗಿ, ಬೀಜದಲ್ಲಿ ಸಿಹಿ, ನವಿರಾದ ಹುಳಿ ಕೂಡಿಕೊಳ್ಳುತ್ತವೆ. ತಗ್ಗಿನಲ್ಲಿ ಬೆಳೆಯುವ ಮತ್ತೊಂದು ಜಾತಿ ರೋಬಸ್ಟಾ. ಅದರಲ್ಲಿ ಕೆಫೀನ್ ಹೆಚ್ಚುಕಡಿಮೆ ಇಮ್ಮಡಿ, ರುಚಿಯೂ ಗಡುಸು.

ರುಚಿ ಹುಟ್ಟುವುದು ತೋಟದಲ್ಲಿ ಮಾತ್ರವಲ್ಲ. ಹಿಂದೆ ಹಾಯಿಹಡಗಿನಲ್ಲಿ ಯುರೋಪಿಗೆ ಹೊರಟ ಬೀಜ ತಿಂಗಳುಗಟ್ಟಲೆ ಕಡಲ ತೇವ ಹೀರಿ ಉಬ್ಬುತ್ತಿತ್ತು. ಹುಳಿ ಇಳಿದ ಆ ರುಚಿ ಅಲ್ಲಿನವರಿಗೆ ಹಿಡಿಸಿತು. ಅದಕ್ಕಾಗಿಯೇ ಇಂದಿಗೂ ನಮ್ಮ ಕರಾವಳಿಯ ಗೋದಾಮುಗಳಲ್ಲಿ ಬೀಜ ಹರವಿ ಮುಂಗಾರು ಗಾಳಿಗೆ ಒಡ್ಡುತ್ತಾರೆ. ಇದೇ ‘ಮಾನ್ಸೂನ್ಡ್ ಮಲಬಾರ್’.

ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಯ ಅರೇಬಿಕಾಗಳಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಆದರೆ ಚಿಕೋರಿ ಬೆರೆಸಿದ ಪುಡಿಯಲ್ಲಿ ಅದರ ಪಾಲು ಶೇ 49ರವರೆಗೂ ಇರಬಹುದು. ಆಗ ಊರಿನ ರುಚಿ ಎಲ್ಲಿ ಉಳಿದೀತು? ಪೊಟ್ಟಣದ ಮೇಲೆ ಈ ಪ್ರಮಾಣ ಮುದ್ರಿಸುವುದು ಕಡ್ಡಾಯ. ಅದನ್ನು ಓದಿ ಹೇಳುವ ಕೆಲಸ ಮಕ್ಕಳಿಗಿರಲಿ. ಹಿರಿಯರು ಚಿಕೋರಿಯಿಲ್ಲದ ಎರಡು ಊರಿನ ಪುಡಿ ತಂದು, ಹಾಲು ಸಕ್ಕರೆ ಬೆರೆಸದೆ ಒಂದೊಂದು ಗುಟುಕು ಹೋಲಿಸಿ ನೋಡಲಿ. ರುಚಿ ಗುರುತಿಸಿ ಕೊಳ್ಳುವವರಿದ್ದರೆ ತಾನೇ ಬೆಳೆಗಾರನಿಗೂ ಊರ ಹೆಸರಿನಿಂದ ನಾಲ್ಕು ಕಾಸು ಹೆಚ್ಚು ಸಿಕ್ಕೀತು!