ಮನೆಯ ಉರಿ-ಬೆಳಕಿನ ವರ್ಷದ ಲೆಕ್ಕ

ನಮ್ಮ ಹೊಟೇಲು ಕೆಲಸದ ಸಹೋದರರೊಬ್ಬರು ಕಳೆದ ಮಳೆಗಾಲದಲ್ಲಿ ಊರಿನಿಂದ ಹೆಂಡತಿ ಮಕ್ಕಳನ್ನು ಕರೆತಂದು ಪುಣೆಯಲ್ಲಿ ಸಂಸಾರ ಹೂಡಿದರು. ಆಗಸ್ಟ್ ತಿಂಗಳ ಲೈಟ್ ಬಿಲ್ಲನ್ನು ಹನ್ನೆರಡರಿಂದ ಗುಣಿಸಿ, ಗ್ಯಾಸಿಗೆಂದು ಅಂದಾಜಿನ ಮೇಲೆ ಒಂದಷ್ಟು ಸೇರಿಸಿ, ಉಳಿಯುವ ಹಣವನ್ನು ನಂಬಿ ಚೀಟಿಗೆ ಸೇರಿದರು. ಬೇಸಿಗೆ ಬಂದಿತು, ಬಿಲ್ಲು ಏರಿತು, ಚೀಟಿಯ ಕಂತು ತಪ್ಪಿತು. ಕಂತು ತುಂಬಲು ಬಡ್ಡಿಯ ಸಾಲ ಮಾಡಿದರು. ಅವರು ದುಂದುಗಾರರಲ್ಲ, ಬೀಡಿಯನ್ನು ಕೂಡ ಮುಟ್ಟಿದವರಲ್ಲ. ಮಳೆಗಾಲದ ಒಂದು ತಿಂಗಳನ್ನು ಇಡೀ ವರ್ಷವೆಂದು ತಿಳಿದುದೇ ಅವರು ಮಾಡಿದ ತಪ್ಪು.

ಇದು ಒಬ್ಬರ ಕತೆಯಲ್ಲವೆಂಬುದನ್ನು ನಾವು ಬಲ್ಲೆವು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ನಮಗೆ ಎಲ್ಲರೂ ಬುದ್ಧಿ ಹೇಳುತ್ತಾರೆ. ಆದರೆ ಹಾಸಿಗೆ ಎಷ್ಟು ಉದ್ದವಿದೆಯೆಂದು ಅಳೆಯುವುದನ್ನು ಹೇಳಿಕೊಡುವವರು ಯಾರು? ಹೊಟೇಲಿನ ಅಡಿಗೆಮನೆಯಲ್ಲಿ 19 ಕಿಲೋ ಸಿಲಿಂಡರು ಎಷ್ಟು ಹೊತ್ತು ಉರಿಯುವುದೆಂದು ಬಾಯಲ್ಲಿಯೇ ಹೇಳಬಲ್ಲ ನಮ್ಮವರಿಗೆ, ತಮ್ಮ ಮನೆಯ 14.2 ಕಿಲೋ ಸಿಲಿಂಡರು ಎಷ್ಟು ದಿನ ಬರುವುದೆಂದು ತಿಳಿದಿರುವುದಿಲ್ಲ. ಯಜಮಾನರ ಲೆಕ್ಕವನ್ನು ಇಡಬಲ್ಲವರು ತಮ್ಮ ಲೆಕ್ಕವನ್ನೂ ಇಡಬಲ್ಲರು ಎಂಬುದು ನಮ್ಮ ನಂಬಿಕೆ.

ಮೊದಲನೆಯದಾಗಿ ವಿದ್ಯುತ್ತಿನ ವಿಚಾರ. ಪುಣೆಯಲ್ಲಿ ವರ್ಷಕ್ಕೆ ಮೂರು ಮುಖಗಳು. ಬೇಸಿಗೆಯಲ್ಲಿ ಹಗಲಿರುಳು ಫ್ಯಾನು ತಿರುಗುತ್ತದೆ. ಮಳೆಗಾಲದಲ್ಲಿ ಅದಕ್ಕೆ ಬಿಡುವು. ಚಳಿಗಾಲದ ಬೆಳಗಿನಲ್ಲಿ ನೀರು ಕಾಯಿಸುವ ಕಾಯಿಲ್ ಬಕೇಟಿಗೆ ಇಳಿಯುತ್ತದೆ. ಆದುದರಿಂದ ಕೈಯಲ್ಲಿ ಮೂರೇ ಬಿಲ್ಲುಗಳಿದ್ದರೂ, ಅವು ಮೂರು ಕಾಲಗಳವಾಗಿದ್ದರೆ ಸಾಕು. ಮೂರರ ಯುನಿಟುಗಳನ್ನು ಕೂಡಿಸಿ ನಾಲ್ಕರಿಂದ ಗುಣಿಸಿರಿ. ಏಪ್ರಿಲಿನಲ್ಲಿ 140, ಆಗಸ್ಟಿನಲ್ಲಿ 85, ಡಿಸೆಂಬರಿನಲ್ಲಿ 105 ಯುನಿಟು ಎಂದಿಟ್ಟುಕೊಳ್ಳೋಣ. ಕೂಡಿದರೆ 330, ವರ್ಷಕ್ಕೆ 1,320. ಆಗಸ್ಟ್ ಒಂದನ್ನೇ ನಂಬಿದರೆ 1,020 ಎಂದು ತೋರಿ 300 ಯುನಿಟು ಕಡಿಮೆ ಬೀಳುವುದು. ಏಪ್ರಿಲ್ ಒಂದನ್ನೇ ನಂಬಿದರೆ 1,680 ಎಂದು ತೋರಿ ಸುಮ್ಮನೆ ಹೆದರಿಸುವುದು.

ಒಂದೇ ಬಿಲ್ಲು ಇರುವವರೂ ನಿರಾಶರಾಗಬೇಕಾಗಿಲ್ಲ. ಮಹಾವಿತರಣದ ಬಿಲ್ಲಿನಲ್ಲಿ ಹಿಂದಿನ ತಿಂಗಳುಗಳ ಬಳಕೆಯೂ ಅಚ್ಚಾಗಿರುತ್ತದೆ. ನಾವು ಕಟ್ಟಬೇಕಾದ ಮೊತ್ತವನ್ನಷ್ಟೇ ನೋಡಿ ಕಾಗದವನ್ನು ಮಡಚಿಡುತ್ತೇವೆ. ವರ್ಷದ ಕತೆಯೆಲ್ಲ ಅದೇ ಕಾಗದದಲ್ಲಿ ಉಳಿದುಹೋಗುತ್ತದೆ. ಆದರೆ ಎರಡು ಬಗೆಯ ತಿಂಗಳುಗಳನ್ನು ಅಳತೆಗೋಲಾಗಿ ಹಿಡಿಯಬಾರದು. ಮಕ್ಕಳ ರಜೆಗೆಂದು ಮೇ ತಿಂಗಳಲ್ಲಿ ಊರಿಗೆ ಹೋಗಿ ಮನೆಗೆ ಬೀಗ ಹಾಕಿದ್ದರೆ ಆ ಬಿಲ್ಲು ಬೇಸಿಗೆಯ ಬಿಲ್ಲಲ್ಲ. ಮೀಟರು ಓದಲಾಗದೆ ಸರಾಸರಿಯ ಮೇಲೆ ಬರೆದ ಬಿಲ್ಲು ನಿಜವಾದ ಬಿಲ್ಲಲ್ಲ. ಅದರ ಕೊರತೆ ಮುಂದೆ ಒಟ್ಟಿಗೆ ಬಂದು ಕೂಡುವುದು.

ಇಲ್ಲಿ ಯುನಿಟು ಮೊದಲು, ರೂಪಾಯಿ ಆಮೇಲೆ ಎಂಬುದನ್ನು ನೆನಪಿಡಬೇಕು. ಮನೆಬಳಕೆಯ ದರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ತಿಂಗಳಿಗೆ 100 ಯುನಿಟುಗಳ ತನಕ ಒಂದು ದರ. 101ರಿಂದ 300ರ ತನಕ ಸುಮಾರು ಎರಡು ಪಟ್ಟು. ಅದರ ಮೇಲೆ ಇನ್ನೂ ಹೆಚ್ಚು. ಆದುದರಿಂದ ಯುನಿಟು ಒಂದೂವರೆ ಪಟ್ಟಾದರೆ ಹಣವೂ ಒಂದೂವರೆ ಪಟ್ಟು ಎಂಬ ಎಣಿಕೆ ಸಲ್ಲದು. ಪ್ರತಿ ಕಾಲದ ತಿಂಗಳಿಗೂ ಮೆಟ್ಟಿಲಿನಂತೆ ಬೇರೆ ಬೇರೆ ಹಣ ಕಟ್ಟಿ ನೋಡಬೇಕು. ಸ್ಥಿರ ಆಕಾರ, ಸರಕಾರದ ಸುಂಕ ಇವುಗಳನ್ನು ಸೇರಿಸಬೇಕು. ಹಿಂದಿನ ಬಳಕೆಯನ್ನು ನೋಡಿ ಹೆಚ್ಚುವರಿ ಠೇವಣಿ ಕೇಳುವ ಬಿಲ್ಲು ಬಂದರೆ ಅದು ಬೇರೆ. ಅದಕ್ಕೂ ಒಂದಿಷ್ಟು ತೆಗೆದಿಡುವುದು ಜಾಣತನ.

ಎರಡನೆಯದು ಗ್ಯಾಸು. ಇದಕ್ಕೆ ಬಿಲ್ಲೇ ಬೇಡ, ಒಂದು ಪೆನ್ಸಿಲು ಸಾಕು. ಹೊಸ ಸಿಲಿಂಡರು ಹಚ್ಚಿದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಮೂರು ಸಿಲಿಂಡರುಗಳು ಸೇರಿ 120 ದಿನ ಬಂದರೆ ಒಂದಕ್ಕೆ 40 ದಿನ. ವರ್ಷಕ್ಕೆ ಒಂಬತ್ತಕ್ಕಿಂತ ತುಸು ಹೆಚ್ಚು. ಲೆಕ್ಕದ ಅನುಕೂಲಕ್ಕೆ ಸಿಲಿಂಡರಿಗೆ 900 ರೂಪಾಯಿ ಎಂದು ಹಿಡಿದರೆ ಒಂಬತ್ತಕ್ಕೆ 8,100. ಅದೇ 30 ದಿನಕ್ಕೆ ಮುಗಿಯುವ ಮನೆಯಲ್ಲಿ ಹನ್ನೆರಡಕ್ಕೆ 10,800. ಹತ್ತು ದಿನದ ಅಂತರ ವರ್ಷಕ್ಕೆ 2,700 ರೂಪಾಯಿ ಆಗುವುದನ್ನು ನೋಡಿರಿ. ಸ್ನಾನದ ನೀರನ್ನೂ ಗ್ಯಾಸಿನ ಮೇಲೆಯೇ ಕಾಯಿಸುವವರು ಚಳಿಗಾಲದ ಒಂದು ಸಿಲಿಂಡರನ್ನು ಬಿಡದೆ ಲೆಕ್ಕಕ್ಕೆ ಹಿಡಿಯಬೇಕು. ಕೊಳವೆ ಗ್ಯಾಸು ಬಂದಿರುವ ಮನೆಯವರು ಬಿಲ್ಲು ಎಷ್ಟು ದಿನಗಳದೆಂದು ಮೊದಲು ನೋಡಿ, ದಿನಕ್ಕೆ ಎಷ್ಟೆಂದು ಭಾಗಿಸಿ, 365ರಿಂದ ಗುಣಿಸಲಿ.

ಇಷ್ಟು ಲೆಕ್ಕ ಏತಕ್ಕೆ ಎಂದು ಕೇಳುವವರಿದ್ದಾರೆ. ಚೀಟಿಯ ಕಂತು ತಪ್ಪದಿರಲೆಂದು ಮಾತ್ರವಲ್ಲ. ನಮ್ಮಲ್ಲಿ ಬಹುಜನ ಬಾಡಿಗೆಯ ಖೋಲಿಗಳಲ್ಲಿ ಇರುವವರು. ನಾಲ್ಕು ಖೋಲಿಗಳಿಗೆ ಒಂದೇ ಮೀಟರು. ಒಳಗೆ ಮಾಲೀಕರು ಹಾಕಿಸಿದ ಚಿಕ್ಕ ಮೀಟರುಗಳು. ಒಂದೊಂದು ಸಂಸಾರವೂ 80 ಯುನಿಟು ಸುಟ್ಟರೆ ಯಾರೂ ಮೊದಲ ಮೆಟ್ಟಿಲನ್ನು ದಾಟಿದವರಲ್ಲ. ಆದರೆ ದೊಡ್ಡ ಮೀಟರಿನಲ್ಲಿ ಅದು 320 ಆಗುತ್ತದೆ. ಅದರಲ್ಲಿ ಕಡಿಮೆ ದರ ಸಿಗುವುದು 100 ಯುನಿಟಿಗೆ ಮಾತ್ರ. ಬಡವನು ಬಡವನಷ್ಟೇ ಬಳಸಿ ಅನುಕೂಲಸ್ಥನ ದರ ತೆರುತ್ತಾನೆ. ಅದರ ಮೇಲೆ ಮಾಲೀಕರು ಯುನಿಟಿಗೆ ತಮಗೆ ತೋಚಿದ ದರ ಹೇಳಿದರೆ, ಬಿಲ್ಲನ್ನು ಕಣ್ಣಿನಿಂದ ನೋಡದವನು ಏನು ಮಾತಾಡಿಯಾನು?

ಆದುದರಿಂದ ನಾವು ಕೇಳಬೇಕಾದುದು ಎರಡು. ಬಿಲ್ಲನ್ನು ಪ್ರತಿ ತಿಂಗಳೂ ಎಲ್ಲ ಬಾಡಿಗೆದಾರರಿಗೂ ತೋರಿಸಬೇಕು. ಸಾಧ್ಯವಿರುವಲ್ಲಿ ಬೇರೆ ಮೀಟರು ಬೇಕು. 2003ರ ವಿದ್ಯುತ್ ಕಾಯಿದೆಯ 43ನೆಯ ಕಲಮು ಮಾಲೀಕನ ಅರ್ಜಿಯನ್ನು ಮಾತ್ರವಲ್ಲ, ಆ ಜಾಗದಲ್ಲಿ ವಾಸವಿರುವವನ ಅರ್ಜಿಯನ್ನೂ ಎಣಿಸುತ್ತದೆ. ಕಚೇರಿಯಲ್ಲಿ ಬಾಡಿಗೆ ಕರಾರು ಮೊದಲಾದ ಕಾಗದಪತ್ರಗಳನ್ನು ಕೇಳುವರು. ಒಬ್ಬರೇ ಹೋದರೆ ಅಲೆದಾಟ. ನಾಲ್ವರು ಜೊತೆಯಾಗಿ ಹೋದರೆ ಮಾತಿಗೆ ತೂಕ.

ಇನ್ನೊಂದು ಮಾತು. 1957ರಲ್ಲಿ ನಡೆದ 15ನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ಕನಿಷ್ಠ ಕೂಲಿಯನ್ನು ಅಳೆಯುವಾಗ ಅನ್ನ, ಬಟ್ಟೆ, ಮನೆಬಾಡಿಗೆಗಳ ಜೊತೆಗೆ ಉರುವಲು, ಬೆಳಕು ಮತ್ತು ಇತರ ಖರ್ಚುಗಳಿಗೆಂದು ಒಟ್ಟು ಕೂಲಿಯ ನೂರಕ್ಕೆ 20 ಪಾಲನ್ನು ಇಡಬೇಕೆಂದಿತು. ಅಂದು ಹಿರಿಯರು ವಾದಿಸಿ ಪಡೆದ ಮಾತು ಅದು. ಇಂದು ಕೂಲಿಯ ಮಾತುಕತೆಯಲ್ಲಿ ನಿಮ್ಮ ಮನೆಯ ಉರಿ-ಬೆಳಕಿಗೆ ನಿಜವಾಗಿ ಎಷ್ಟು ಆಗುತ್ತದೆಯೆಂದು ಎದುರಿನವರು ಕೇಳಿದರೆ, ಗಿರಣಿಯ ನಮ್ಮ ಬಾಂಧವರಾಗಲಿ ಹೊಟೇಲಿನವರಾಗಲಿ ತಡವರಿಸುತ್ತಾರೆ. ಒಬ್ಬರು ಏಪ್ರಿಲಿನ ಬಿಲ್ಲು ಹೇಳಿದರೆ ಇನ್ನೊಬ್ಬರು ಆಗಸ್ಟಿನದು ಹೇಳುವರು. ಎದುರಿನವರು ಕಡಿಮೆಯದನ್ನು ಬರೆದುಕೊಳ್ಳುವರು. ಐವತ್ತು ಮನೆಗಳ ವರ್ಷದ ಲೆಕ್ಕ ಒಂದೇ ಕ್ರಮದಲ್ಲಿ ಮೇಜಿನ ಮೇಲಿದ್ದರೆ ಅದನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು.

ಬಾಂಧವರೇ, ಬಿಲ್ಲನ್ನು ಹರಿದು ಒಲೆಗೆ ಹಾಕಬೇಡಿರಿ. ಮೂರು ಕಾಲಗಳ ಮೂರು ಬಿಲ್ಲು, ಕ್ಯಾಲೆಂಡರಿನ ಮೇಲೆ ಮೂರು ತಾರೀಖು, ಇಷ್ಟು ಜೋಪಾನವಾಗಿರಲಿ. ಓದು ಬಾರದ ಅಣ್ಣಂದಿರಿಗೆ ಪಕ್ಕದ ಖೋಲಿಯ ಶಾಲೆಯ ಹುಡುಗಿ ಲೆಕ್ಕ ಮಾಡಿಕೊಟ್ಟಾಳು. ಮುಂದಿನ ಸಭೆಗೆ ಬರುವಾಗ ಆ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಬನ್ನಿರಿ. ಎಲ್ಲರ ಚೀಟಿಗಳನ್ನೂ ಒಂದೆಡೆ ಬರೆದುಕೊಳ್ಳೋಣ. ನಮ್ಮ ಮನೆಯ ದೀಪಕ್ಕೆ ಎಷ್ಟು ಖರ್ಚೆಂದು ನಮಗೇ ತಿಳಿಯದಿದ್ದರೆ, ಅದನ್ನು ಬೇರೆಯವರು ತಮಗೆ ಬೇಕಾದಂತೆ ಹೇಳುವರು.