ಸಂಕೇತ ಮತ್ತು ಅರ್ಥನಿರ್ಣಯ: ಬೀದರ ಪರಿಸರದಿಂದ ಕೆಲವು ವಿಚಾರಗಳು

ಸಂಕೇತ, ಪ್ರತಿಮೆ, ರೂಪಕ ಎಂಬ ಪದಗಳನ್ನು ಒಂದರ ಬದಲಿಗೆ ಇನ್ನೊಂದಾಗಿ ಬಳಸುವ ರೂಢಿ ನಮ್ಮ ಸಾಹಿತ್ಯಾಧ್ಯಯನದಲ್ಲಿ ಬೆಳೆದುಬಂದಿದೆ. ಇವುಗಳ ನಡುವಣ ಅಂತರ ಸಣ್ಣದಲ್ಲ. ರೂಪಕದಲ್ಲಿ ಉಪಮೇಯ, ಉಪಮಾನಗಳೆರಡೂ ಎದುರಿಗಿರುತ್ತವೆ. ಪ್ರತಿಮೆಯು ಇಂದ್ರಿಯಾನುಭವವೊಂದನ್ನು ಕಣ್ಣ ಮುಂದೆ ತರುತ್ತದೆ. ಸಂಕೇತದಲ್ಲಾದರೋ ವಸ್ತು ಮಾತ್ರ ಕಾಣಿಸುತ್ತದೆ. ಅದು ಸೂಚಿಸುವ ಅರ್ಥವನ್ನು ಓದುಗನೇ ಕಂಡುಕೊಳ್ಳಬೇಕು. ಹೀಗೆ ಕಂಡುಕೊಂಡ ಅರ್ಥಕ್ಕೆ ಪ್ರಮಾಣ ಯಾವುದು ಎಂಬುದೇ ಪ್ರಸ್ತುತ ಲೇಖನದ ಪ್ರಶ್ನೆ.

ಕನ್ನಡದಲ್ಲಿ ಈ ಪ್ರಶ್ನೆ ತೀವ್ರವಾಗಿ ಎದುರಾಗುವುದು ಬೆಡಗಿನ ವಚನಗಳಲ್ಲಿ. ಅಲ್ಲಮಪ್ರಭುವಿನ ಬೆಡಗುಗಳು ಲೋಕವ್ಯವಹಾರಕ್ಕೆ ವಿರುದ್ಧವಾದ ಘಟನೆಗಳನ್ನು ಸಹಜವೆಂಬಂತೆ ಮುಂದಿಟ್ಟು ಸುಮ್ಮನಾಗುತ್ತವೆ. ನಂತರದ ಶತಮಾನಗಳ ಟೀಕಾಕಾರರು ಇವುಗಳ ಒಂದೊಂದು ಪದಕ್ಕೂ ತತ್ತ್ವಾರ್ಥವನ್ನು ಹೊಂದಿಸಿಕೊಟ್ಟರು. 1993ರಲ್ಲಿ 15 ಸಂಪುಟಗಳಲ್ಲಿ ಹೊರಬಂದ ‘ಸಮಗ್ರ ವಚನ ಸಂಪುಟ’ ಮಾಲೆಯು ಪಾರಿಭಾಷಿಕ ಪದಗಳ ಕೋಶವನ್ನೂ ಒಳಗೊಂಡಿತು. ಈ ಪರಂಪರೆಯ ಉಪಕಾರ ದೊಡ್ಡದು. ಅದಿಲ್ಲದಿದ್ದರೆ ಎಷ್ಟೋ ವಚನಗಳು ನಮಗೆ ಮುಚ್ಚಿದ ಬಾಗಿಲುಗಳಾಗಿಯೇ ಉಳಿಯುತ್ತಿದ್ದವು.

ಆದರೆ ಕೋಶವು ಓದಿಗೆ ನೆರವಾಗುವ ಬದಲು ಓದಿನ ಸ್ಥಾನವನ್ನೇ ಆಕ್ರಮಿಸಿಕೊಂಡಾಗ ತೊಡಕು ಆರಂಭವಾಗುತ್ತದೆ. ‘ಮರವೆಂದರೆ ದೇಹ, ಸರ್ಪವೆಂದರೆ ಕುಂಡಲಿನಿ’ ಎಂಬ ಸಮೀಕರಣಗಳನ್ನು ಕಂಠಪಾಠ ಮಾಡಿ ಪರೀಕ್ಷೆಯಲ್ಲಿ ಬರೆದರೆ ವಚನವನ್ನು ಅರಿತಂತಾಗುವುದಿಲ್ಲ. ಸರ್ಪವು ಒಂದೆಡೆ ಕುಂಡಲಿನಿಯನ್ನು ಸೂಚಿಸಿದರೆ ಮತ್ತೊಂದೆಡೆ ವಿಷಯಾಸಕ್ತಿಯನ್ನು ಸೂಚಿಸಬಹುದು. ಒಂದೇ ಪದಕ್ಕೆ ಎಲ್ಲೆಡೆಯೂ ಒಂದೇ ಅರ್ಥವಿದ್ದಿದ್ದರೆ ಅದು ಗುಪ್ತಲಿಪಿಯಾಗುತ್ತಿತ್ತು, ಕಾವ್ಯವಾಗುತ್ತಿರಲಿಲ್ಲ.

ವಚನಕಾರರ ಸಂಕೇತಗಳು ಹುಟ್ಟಿದ್ದು ಎಲ್ಲಿ ಎಂಬುದನ್ನೂ ಗಮನಿಸಬೇಕು. ಅಂಬಿಗರ ಚೌಡಯ್ಯನಿಗೆ ದೋಣಿ, ನುಲಿಯ ಚಂದಯ್ಯನಿಗೆ ಹಗ್ಗ, ಮಡಿವಾಳ ಮಾಚಿದೇವನಿಗೆ ಬಟ್ಟೆಯ ಮಡಿ ಮೊದಲು ಕಾಯಕದ ವಸ್ತುಗಳು, ತತ್ತ್ವ ಅನಂತರದ್ದು. ವಸ್ತುವಿನ ಭಾರ, ಬಳಕೆ, ಸವೆತಗಳನ್ನು ತಿಳಿಯದೆ ಅದರ ಸಂಕೇತಾರ್ಥಕ್ಕೆ ನೆಗೆಯುವುದು ಕಾಯಕವನ್ನು ಬಿಟ್ಟು ಕೈಲಾಸವನ್ನು ಬಯಸಿದಂತೆ. ಈ ಶರಣರು ಬಂದು ಸೇರಿದ ಕಲ್ಯಾಣವು ಇಂದಿನ ಬೀದರ ಜಿಲ್ಲೆಯಲ್ಲಿದೆ ಎಂಬುದು ಇಲ್ಲಿನ ಅಧ್ಯಾಪಕರ ಹೊಣೆಯನ್ನು ಹೆಚ್ಚಿಸುತ್ತದೆ.

ಔರಾದ ಪರಿಸರದ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಇದು ದೇವಣಿ ತಳಿಯ ದನಗಳ ಸೀಮೆ. ಇಲ್ಲಿನ ರೈತರ ಮನೆಯಿಂದ ಬಂದ ವಿದ್ಯಾರ್ಥಿಗೆ ಎತ್ತು, ನೊಗ, ಮೂಗುದಾರಗಳ ನಡುವಣ ಸಂಬಂಧವನ್ನು ಯಾರೂ ವಿವರಿಸಬೇಕಾಗಿಲ್ಲ. ತತ್ತ್ವಪದದಲ್ಲಿ ಎತ್ತು ಬಂದಾಗ ‘ಮನಸ್ಸಿನ ಸಂಕೇತ’ ಎಂದು ಬರೆಸಿ ಮುಗಿಸುವ ಬದಲು, ಹೊಸ ಎತ್ತನ್ನು ಪಳಗಿಸುವುದು ಹೇಗೆ, ಜೋಡಿ ತಪ್ಪಿದ ಎತ್ತು ಹೇಗಿರುತ್ತದೆ ಎಂದು ಅವನನ್ನೇ ಕೇಳಿದರೆ ಪದದ ಅರ್ಥ ತಾನಾಗಿ ತೆರೆದುಕೊಳ್ಳುತ್ತದೆ. ಈ ಗಡಿಭಾಗದ ಅನೇಕ ಮನೆಗಳಲ್ಲಿ ಮರಾಠಿ ಮಾತೃಭಾಷೆ. 16ನೆಯ ಶತಮಾನದ ಸಂತ ಏಕನಾಥರ ಭಾರುಡಗಳು ಲೋಕದ ಪಾತ್ರಗಳ ಮರೆಯಲ್ಲಿ ಅಧ್ಯಾತ್ಮವನ್ನು ಹೇಳುತ್ತವೆ. ಅವನ್ನು ಕೇಳಿ ಬೆಳೆದ ವಿದ್ಯಾರ್ಥಿಗೆ ಬೆಡಗು ಪರಕೀಯವಾಗಲಾರದು. ಆದರೆ ಆ ತಿಳಿವಳಿಕೆಗೆ ನಮ್ಮ ಕನ್ನಡ ತರಗತಿಗಳಲ್ಲಿ ಸ್ಥಳ ದೊರೆಯುವುದು ಅಪರೂಪ.

ವ್ಯಕ್ತಿಗಳೂ ಸಂಕೇತಗಳಾಗುತ್ತಾರೆ. ಬೀದರ ನಗರದ ಹೊರವಲಯದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾಹನ ಗುಮ್ಮಟವಿದೆ. ಅವನ ಆಳ್ವಿಕೆ 1422ರಿಂದ 1436ರವರೆಗಿನದು. ಮುಸ್ಲಿಮರು ವಲಿ ಎಂದು ಗೌರವಿಸುವ ಈ ಅರಸನನ್ನು ಇಲ್ಲಿನ ಲಿಂಗಾಯತ ಭಕ್ತರು ಅಲ್ಲಮಪ್ರಭುವೆಂದು ನಂಬಿ ಉರುಸಿಗೆ ಬರುತ್ತಾರೆ. 12ನೆಯ ಶತಮಾನದ ಶರಣನೂ 15ನೆಯ ಶತಮಾನದ ಸುಲ್ತಾನನೂ ಒಬ್ಬರೇ ಎಂಬುದನ್ನು ಇತಿಹಾಸ ಒಪ್ಪದು. ಆದರೆ ಸಾಹಿತ್ಯದ ವಿದ್ಯಾರ್ಥಿ ಕೇಳಬೇಕಾದದ್ದು ಬೇರೆ ಪ್ರಶ್ನೆ: ಈ ಸಮೀಕರಣ ಸಾಧ್ಯವಾಗಬೇಕಾದರೆ ‘ಅಲ್ಲಮ’ ಎಂಬ ಹೆಸರು ಜನಮನದಲ್ಲಿ ಏನನ್ನು ಸೂಚಿಸುತ್ತಿರಬೇಕು? ಮತ, ಕುಲ, ಕಾಲಗಳ ಮೇರೆಗೆ ಸಿಕ್ಕದ ನಿಲುವೊಂದಕ್ಕೆ ಆ ಹೆಸರು ನಿಂತಿದೆ ಎಂದು ನನಗೆ ತೋರುತ್ತದೆ. ಯಾವ ಕೋಶದಲ್ಲಿಯೂ ದಾಖಲಾಗದ ಓದು ಇದು.

ಇತಿಹಾಸದ ಘಟನೆಯು ಸಂಕೇತವಾದಾಗ ಇನ್ನೊಂದು ಬಗೆಯ ಎಚ್ಚರ ಬೇಕು. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ಹಾಕಿ ಒಳಗೆ ಕನ್ನಡವನ್ನು ಕಲಿಸಿದ ಸಂಗತಿಯನ್ನು ಈ ಭಾಗದಲ್ಲಿ ಎಲ್ಲರೂ ಅಭಿಮಾನದಿಂದ ನೆನೆಯುತ್ತಾರೆ. ಹೊರಗೊಂದು ಒಳಗೊಂದು ಇರುವ ಆ ಫಲಕವೂ ಒಂದು ಬಗೆಯ ಬೆಡಗೇ ಸರಿ. ಅದನ್ನು ಉರ್ದು ಮತ್ತು ಕನ್ನಡಗಳ ನಡುವಣ ವೈರದ ಸಂಕೇತವನ್ನಾಗಿ ಓದುವ ಪ್ರವೃತ್ತಿ ಆಗಾಗ ಕಾಣಿಸಿಕೊಳ್ಳುತ್ತದೆ. ಈ ಓದನ್ನು ನಾನು ಒಪ್ಪಲಾರೆ. ಪಟ್ಟದ್ದೇವರು ಎದುರಿಸಿದ್ದು ಮಕ್ಕಳಿಗೆ ತಾಯ್ನುಡಿಯ ಶಿಕ್ಷಣವನ್ನು ಎಟುಕದಂತೆ ಮಾಡಿದ ಆಡಳಿತ ನೀತಿಯನ್ನು, ಒಂದು ಭಾಷೆಯನ್ನಲ್ಲ. ಕಡಕೋಳ ಮಡಿವಾಳಪ್ಪನವರ ಶಿಷ್ಯಪರಂಪರೆಯಲ್ಲಿ ಚನ್ನೂರ ಜಲಾಲಸಾಹೇಬರಂತಹ ತತ್ತ್ವಪದಕಾರರು ಆಗಿಹೋದ ನಾಡಿದು. ಸಂದರ್ಭದಿಂದ ಕಿತ್ತು ತೆಗೆದ ಸಂಕೇತವು ಯಾರ ಕೈಯಲ್ಲಾದರೂ ಆಯುಧವಾಗಬಲ್ಲದು.

ಹಾಗಾದರೆ ಯಾರು ಹೇಳಿದ ಅರ್ಥವೂ ಸರಿಯೇ ಎಂಬ ಆಕ್ಷೇಪ ಏಳಬಹುದು. ಖಂಡಿತ ಅಲ್ಲ. ಸೂಚಿತ ಅರ್ಥವು ಮೊದಲು ಆ ಪಠ್ಯದ ಉಳಿದ ಭಾಗಗಳೊಡನೆ ಹೊಂದಬೇಕು. ಎರಡನೆಯದಾಗಿ, ಅದೇ ವಚನಕಾರನ ಇತರ ಪ್ರಯೋಗಗಳ ಬೆಳಕಿನಲ್ಲಿ ನಿಲ್ಲಬೇಕು. ಮೂರನೆಯದಾಗಿ, ಟೀಕಾಪರಂಪರೆಯನ್ನೂ ಜೀವಂತ ಹಾಡುಗಾರಿಕೆಯನ್ನೂ ಎದುರಿಗಿಟ್ಟು ಪರಿಶೀಲಿಸಬೇಕು. ಇವೆರಡೂ ಭಿನ್ನವಾದಲ್ಲಿ ಒಂದನ್ನು ಅಳಿಸದೆ ಎರಡನ್ನೂ ದಾಖಲಿಸುವುದು ಸಂಶೋಧನೆಯ ಧರ್ಮ.

ಈ ಹಿನ್ನೆಲೆಯಲ್ಲಿ ಎರಡು ಸಲಹೆಗಳನ್ನು ಮುಂದಿಡಬಯಸುತ್ತೇನೆ. ಸ್ನಾತಕೋತ್ತರ ಪ್ರಶ್ನೆಪತ್ರಿಕೆಗಳಲ್ಲಿ ಸಂಕೇತದ ಅರ್ಥವನ್ನಷ್ಟೇ ಕೇಳದೆ, ಆ ಅರ್ಥವನ್ನು ಆರಿಸಿಕೊಂಡದ್ದಕ್ಕೆ ಕಾರಣವನ್ನೂ ಕೇಳಬೇಕು. ತತ್ತ್ವಪದಗಳ ಕ್ಷೇತ್ರಕಾರ್ಯದಲ್ಲಿ ಪದದ ಪಾಠದೊಂದಿಗೆ, ಹಾಡುವವರು ಅದಕ್ಕೆ ಹೇಳುವ ಒಳಾರ್ಥವನ್ನೂ ಅವರದೇ ಮಾತಿನಲ್ಲಿ ಬರೆದಿಡಬೇಕು. ಭಜನೆಯ ಮೇಳಗಳಲ್ಲಿ ಆ ಒಳಾರ್ಥವನ್ನು ಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಪದಗಳು ಮುದ್ರಣದಲ್ಲಿ ಉಳಿದಾವು. ಅರ್ಥದ ಆ ದಾರಿಗಳು ಮುಚ್ಚಿಹೋಗುವ ಮುನ್ನ ನಮ್ಮ ವಿಭಾಗಗಳು ಈ ಕೆಲಸಕ್ಕೆ ತೊಡಗುವುದು ಅಗತ್ಯ.