ಮಾನವಿಕ ವಿದ್ಯಾರ್ಥಿಗಳ ಇಂಟರ್ನ್‌ಶಿಪ್: ಮೈಸೂರು ಕೊಡಬಹುದಾದ ಕೆಲಸ

ಗ್ರಂಥಸಂಪಾದನಾಶಾಸ್ತ್ರದಲ್ಲಿ ಉತ್ತಮ ಅಂಕ ಗಳಿಸಿದ ಕನ್ನಡ ಎಂ.ಎ. ವಿದ್ಯಾರ್ಥಿಯೊಬ್ಬ ತಾಳೆಗರಿಯ ಒಂದು ಕಟ್ಟನ್ನೂ ಬಿಚ್ಚಿ ನೋಡದೆ ಪದವಿ ಪಡೆಯುವುದು ಇಂದು ಸಾಧ್ಯ. ಅದೂ ಮೈಸೂರಿನಲ್ಲಿ! 1891ರಲ್ಲಿ ಸ್ಥಾಪಿತವಾದ ಪ್ರಾಚ್ಯವಿದ್ಯಾ ಸಂಶೋಧನಾಲಯ, ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯ ಹಸ್ತಪ್ರತಿ ಭಂಡಾರ, ಭಾರತೀಯ ಪುರಾತತ್ವ ಸರ್ವೇಕ್ಷಣದ ಶಾಸನ ಶಾಖೆ, 1969ರ ಭಾರತೀಯ ಭಾಷಾ ಸಂಸ್ಥಾನ ಇವೆಲ್ಲವೂ ಒಂದೇ ಊರಿನಲ್ಲಿವೆ.

ಎಲ್ಲ ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳಿಗೂ ಸ್ಥಳೀಯ ಉದ್ಯಮಿಗಳು, ವ್ಯಾಪಾರಿಗಳು, ಕಲಾವಿದರು ಮತ್ತು ಕುಶಲಕರ್ಮಿಗಳ ಬಳಿ ಇಂಟರ್ನ್‌ಶಿಪ್ ದೊರೆಯಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತು. ಕರ್ನಾಟಕದಲ್ಲಿ ಆ ನೀತಿಯ ಪದವಿ ವ್ಯವಸ್ಥೆ 2021-22ರಲ್ಲಿ ಬಂದು 2024-25ರಲ್ಲಿ ಬದಲಾಯಿತು. ನೀತಿ ಬದಲಾದರೂ ಈ ಒಂದು ಮಾತನ್ನು ಕೈಬಿಡಬೇಕಾಗಿಲ್ಲ. ಆದರೆ ವಾಣಿಜ್ಯ ವಿದ್ಯಾರ್ಥಿಗೆ ಹೊಲಿದ ಅಂಗಿಯನ್ನೇ ಮಾನವಿಕ ವಿದ್ಯಾರ್ಥಿಗೆ ತೊಡಿಸಿದರೆ ಮೈಗೆ ಹೊಂದದು. ಎರಡು ವಾರ ಅಂಗಡಿಯಲ್ಲಿ ಬಿಲ್ ಬರೆದು ಮುದ್ರೆಯೊತ್ತಿದ ಪ್ರಮಾಣಪತ್ರ ತರುವುದರಿಂದ ಸಾಹಿತ್ಯಕ್ಕೂ ಲಾಭವಿಲ್ಲ, ಅಂಗಡಿಗೂ ಇಲ್ಲ.

ಕೌಟಿಲ್ಯನ ಅರ್ಥಶಾಸ್ತ್ರ ಆಧುನಿಕ ಲೋಕಕ್ಕೆ ದೊರೆತದ್ದು ಈ ಊರಿನಲ್ಲೇ. ತಂಜಾವೂರು ಸೀಮೆಯ ಪಂಡಿತರೊಬ್ಬರು ಒಪ್ಪಿಸಿದ ತಾಳೆಗರಿ ಪ್ರತಿಯನ್ನು ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಗುರುತಿಸಿ, 1909ರಲ್ಲಿ ಮುದ್ರಿಸಿದರು. ಬಂದ ಕಟ್ಟನ್ನು ಬಿಚ್ಚಿ ಓದಿ ಪಟ್ಟಿಗೆ ಸೇರಿಸುವ ನಿತ್ಯದ ಕೆಲಸದೊಳಗಿನಿಂದಲೇ ಅಂಥ ಶೋಧ ಹುಟ್ಟುತ್ತದೆ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿದ ಕಥೆ ಎಲ್ಲ ವಿದ್ಯಾರ್ಥಿಗಳಿಗೂ ಗೊತ್ತು. ಆ ಸಾವಿರವನ್ನು ಬರೆದ ಕೈಗಳ ಬಗ್ಗೆ ಯಾರೂ ಕೇಳುವುದಿಲ್ಲ. ಲಿಪಿಕಾರರ ಸ್ಖಾಲಿತ್ಯಗಳನ್ನು ಪರೀಕ್ಷೆಯಲ್ಲಿ ಪಟ್ಟಿ ಮಾಡುವವನು ಹತ್ತು ಗರಿಗಳನ್ನು ತಾನೇ ಪ್ರತಿಮಾಡಲಿ. ಒಂದೇ ಪದ ಎರಡು ಸಾಲುಗಳಲ್ಲಿ ಬಂದಾಗ ಕಣ್ಣು ಹೇಗೆ ನಡುವಿನ ಸಾಲನ್ನು ಹಾರಿಸುತ್ತದೆಂಬುದು ಆಗ ಅವನಿಗೆ ಅರ್ಥವಾಗುತ್ತದೆ. ಪಂಪ ರನ್ನರ ಪಾಠಾಂತರಗಳನ್ನು ಅವನು ಬೇರೆ ಕಣ್ಣಿನಿಂದ ಓದುತ್ತಾನೆ.

ವ್ಯಾಪಾರಿಗಳ ಬಳಿಯೂ ಇಂಥ ಕೆಲಸವಿದೆ. ಬೀಟೆಮರದ ಹುದುಗು ಕೆತ್ತನೆ, ಗಂಜೀಫಾ ಚಿತ್ರಣ, ದೇವರಾಜ ಮಾರುಕಟ್ಟೆಯ ಹೂವು ವೀಳ್ಯದೆಲೆಯ ವ್ಯವಹಾರ, ಇವೆಲ್ಲಕ್ಕೂ ತಮ್ಮದೇ ಪದಸಂಪತ್ತಿದೆ. ಅದನ್ನು ಸಂಗ್ರಹಿಸಿ ವೃತ್ತಿಪದಕೋಶಕ್ಕೆ ಒದಗಿಸುವ ವಿದ್ಯಾರ್ಥಿ, ಪ್ರತಿಯಾಗಿ ಕುಶಲಕರ್ಮಿಗೆ ಅವನ ಕಲೆಯ ಪರಿಚಯಪತ್ರವನ್ನು ಒಳ್ಳೆಯ ಕನ್ನಡದಲ್ಲಿ ಬರೆದುಕೊಡಬಹುದು. ಪ್ರಕಾಶನ ಸಂಸ್ಥೆಗಳಲ್ಲಿ ಕರಡು ತಿದ್ದುವವರ ಕೊರತೆ ಎಷ್ಟೆಂಬುದನ್ನು ಇಂದಿನ ಪುಸ್ತಕಗಳೇ ಹೇಳುತ್ತವೆ.

ಕಾಲೇಜಿಗೂ ಊರಿಗೂ ನಡುವೆ ಇಂಥ ನಂಟು ಹೊಸದಲ್ಲ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ದೇಶಕ್ಕೆ ಬಂದದ್ದು ಅಲ್ಲಿಂದ.

ಅನುಭವವಿಲ್ಲದ ಕೈಗೆ ತಾಳೆಗರಿ ಕೊಡುವುದು ಹೇಗೆಂದು ಭಂಡಾರಗಳ ಪಾಲಕರು ಕೇಳುವುದು ನ್ಯಾಯವೇ. ಮೊದಲು ಛಾಯಾಪ್ರತಿಗಳಿಂದ ಆರಂಭಿಸಬಹುದು. ಒಂದು ಸೆಮಿಸ್ಟರ್ ಹಿರಿಯರ ಪಕ್ಕದಲ್ಲಿ ಕುಳಿತ ಬಳಿಕ ಮೂಲವನ್ನು ಮುಟ್ಟಲಿ. ಗೌರವಧನದ ಮಾತನ್ನು ಮಾತ್ರ ಮುಂದೂಡಲಾಗದು. ಹುಣಸೂರು, ನಂಜನಗೂಡುಗಳಿಂದ ದಿನವೂ ಬಸ್ಸಿನಲ್ಲಿ ಬರುವವರಿಗೆ ಸಂಬಳವಿಲ್ಲದ ಎರಡು ತಿಂಗಳು ದುಬಾರಿ. ಬಸ್ಸಿನ ಖರ್ಚು, ಮಧ್ಯಾಹ್ನದ ಊಟ, ಮಾಡಿದ ಪಟ್ಟಿಯ ಕೊನೆಯಲ್ಲಿ ಅವರ ಹೆಸರು ಇಷ್ಟನ್ನು ವಿಶ್ವವಿದ್ಯಾನಿಲಯವೂ ಸಂಸ್ಥೆಗಳೂ ಕೂಡಿ ಕೊಡಬೇಕು.